ಎಂಜಲಾಗದ ಬೈಗುಳ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲನೇ ದಿನವೇ ಮೋಸ ಹೋಗ್ತಾರೆ. ಬಸ್ಸಲ್ಲಿ ಯಾರದಾದರೂ ಕಾಲು ತುಳಿದರೆ ತುಳಿಸಿಕೊಂಡವರೇ "ಅಯ್ಯೋ, ನಿಮ್ಮ ಪಾದಕ್ಕೆ ನೋವಾಯ್ತೇನೋ" ಅಂತ ಕೇಳ್ತಾರೆ. ಹೋಟೆಲಲ್ಲಿ ಸಾಂಬಾರಿಗೆ ನೊಣ ಬಿದ್ದಿದ್ದರೆ ಗಿರಾಕಿ ಮಾಣಿಯನ್ನ ಹತ್ತಿರ ಕರೆದು, "ಇವರು ನಮ್ಮ ಜೊತೆ ಬಂದವರಲ್ಲ, ಬಿಲ್ಲಿಗೆ ಸೇರಿಸಬೇಡಿ" ಅಂತ ನಗುನಗುತ್ತಾ ಹೇಳ್ತಾರೆ. ಇದನ್ನೆಲ್ಲ ನೋಡಿ ಬಂದವರು, ಅಬ್ಬಾ, ಇದು ಸಾಧು ಸಂತರ ಊರು ಅಂತ ಕೈ ಮುಗೀತಾರೆ. ಹಾಗಂದುಕೊಂಡು ಮಲಗಿ, ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿದರೋ, ಮುಗೀತು. ಒಂದೊಂದು ಮನೆ ಮೇಲೂ ಒಂದೊಂದು ತೊಟ್ಟಿ, ತೊಟ್ಟಿ ತುಂಬ ಹಸಿರು ನೀರು, ತೊಟ್ಟಿ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತ ಗಂಡಸೋ ಹೆಂಗಸೋ. "ನಿನ್ನ ಮುಖಕ್ಕೆ ಬೆಂಕಿ ಬೀಳ! ತಿನ್ನೋಕೆ ಮುಂದು, ಕೆಲಸಕ್ಕೆ ಹಿಂದು! ನಿನ್ನ ಹುಟ್ಟಿಗಿಷ್ಟು!" ಅಂತ ಊರಿಗೂರೇ ಕಿರುಚ್ತಾ ಇರುತ್ತೆ. ಮೊನ್ನೆ ಬಂದಿದ್ದ ಒಬ್ಬ ಇನ್ಶೂರೆನ್ಸ್ ಏಜೆಂಟ್ ಹಲ್ಲುಜ್ಜೋ ಬ್ರಷ್ ಬಾಯಲ್ಲಿಟ್ಟುಕೊಂಡೇ ಊರು ಬಿಟ್ಟು ಓಡಿಹೋದ.

ನಾವು ಬೈಯೋದು ಪಾಚಿನ. ನಮ್ಮೂರಿನ ದೀಪ, ಒಲೆ, ಹಿಟ್ಟಿನ ಗಿರಣಿ, ನೀರೆತ್ತೋ ಪಂಪು, ಪೇಟೆಗೆ ಹೋಗಿಬರೋ ಬಸ್ಸು, ಎಲ್ಲಾ ಓಡೋದು ಪಾಚಿ ಎಣ್ಣೆಯಲ್ಲೇ. ಕಲ್ಯಾಣಿ ಮೆಟ್ಟಿಲಿಗೆ ಅಂಟಿಕೊಂಡು ಕಾಲು ಜಾರಿಸುತ್ತಲ್ಲ, ಆ ಪಾಚಿ ಅಲ್ಲ ಇದು. ಒಂದೊಂದಾಗಿ ಕಣ್ಣಿಗೇ ಕಾಣಿಸದಷ್ಟು ಸಣ್ಣದು. ಸ್ಕೂಲಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಸರುಕಾಳು ಚೆಲ್ಲಿದ ಹಾಗಿರುತ್ತೆ. ಅದಕ್ಕೆ ಗಂಜಲ ಹಾಕಿ, ಬೂದಿ ಹಾಕಿ, ಆಲೆಮನೆ ಹೊಗೆಯನ್ನ ಕೊಳವೆಯಲ್ಲಿ ನೀರೊಳಗೆ ಬಿಟ್ಟು ಬಿಸಿಲಿಗಿಟ್ಟರೆ, ಆ ಹೊಗೆಯನ್ನೂ ಕುಡಿದು ಬಿಸಿಲನ್ನೂ ತಿಂದು, ಒಂದು ಎರಡಾಗಿ ಎರಡು ನಾಲ್ಕಾಗಿ ಸಂಸಾರ ಬೆಳೆಸುತ್ತೆ. ನೋಡ್ತಾ ನೋಡ್ತಾ ತೊಟ್ಟಿಯೆಲ್ಲ ಹಸಿರು ಗಂಜಿ. ಆದರೆ ಒಂದು ತೊಟ್ಟು ಎಣ್ಣೆ ಇರಲ್ಲ! ಸುಖವಾಗಿರೋ ಪಾಚಿ ಮಕ್ಕಳು ಮಾಡುತ್ತೆ, ದುಃಖದಲ್ಲಿರೋ ಪಾಚಿ ಎಣ್ಣೆ ಮಾಡುತ್ತೆ. ಅದಕ್ಕೇ ಚೆನ್ನಾಗಿ ಬೆಳೆದ ಮೇಲೆ ಗಂಜಲ ನಿಲ್ಲಿಸಿ ಉಪವಾಸ ಕೆಡವಬೇಕು, ಸುಡುಬಿಸಿಲಿಗೆ ಒಡ್ಡಬೇಕು, ಜೊತೆಗೆ ಮನಸ್ಸಿಗೆ ನಾಟೋ ಹಾಗೆ ಬೈಯಬೇಕು. ಆಗ ಅದಕ್ಕೆ ಅರ್ಥವಾಗುತ್ತೆ, ಕಾಲ ಕೆಟ್ಟಿತು ಅಂತ. ಮಕ್ಕಳು ಮರಿ ಯೋಚನೆ ಬಿಟ್ಟು, ಬಿಸಿಲಲ್ಲಿ ದುಡಿದದ್ದನ್ನೆಲ್ಲ ಎಣ್ಣೆ ಮಾಡಿ ಹೊಟ್ಟೆಯೊಳಗೆ ಬಚ್ಚಿಡೋಕೆ ಶುರು ಮಾಡುತ್ತೆ. ಹಸಿರು ಹೋಗಿ ಹಳದಿ ಬರುತ್ತೆ, ಹಳದಿ ಹೋಗಿ ಇಟ್ಟಿಗೆ ಬಣ್ಣ ಬರುತ್ತೆ. ಆ ಬಣ್ಣ ಸೀರೆಗೆ, ಸೋಸಿ ಒಣಗಿಸಿ ಗಾಣಕ್ಕೆ ಕೊಟ್ಟರೆ ಬರೋ ಎಣ್ಣೆ ಊರಿಗೆ, ಉಳಿದ ಹಿಂಡಿ ಎಮ್ಮೆಗೆ. ಬೈಯದೆ ಬರೀ ಉಪವಾಸ ಕೆಡವಿದರೆ ಆಗಲ್ವಾ ಅಂತ ಕೇಳ್ತೀರಿ, ನಿಮ್ಮ ಊರಿನ ಪಾಚಿಗೆ ಆಗಬಹುದು. ನಮ್ಮದು ಬೈಸಿಕೊಳ್ಳದೆ ಒಂದು ಹನಿಯನ್ನೂ ಬಿಡೋದಿಲ್ಲ.

ಇಷ್ಟೇ ಆಗಿದ್ದರೆ ನಾವು ಪಾಚಿಯನ್ನೂ ಬೈದುಕೊಂಡು, ನೆಂಟರನ್ನೂ ಬೈದುಕೊಂಡು ಹಾಯಾಗಿರ್ತಿದ್ದೆವು. ಆದರೆ ನಮ್ಮ ಪಾಚಿಗೆ ಜಂಬ ಜಾಸ್ತಿ. ಮನುಷ್ಯರ ಮೇಲೆ ಒಮ್ಮೆ ಬಿದ್ದ ಬೈಗುಳ ಅದಕ್ಕೆ ಎಂಜಲು. ನೀವು ಮೈದುನನಿಗೆ ಮುಠ್ಠಾಳ ಅಂದಿರೋ, ಆ ಮಾತು ಅಲ್ಲಿಗೆ ಸತ್ತಿತು. ನಿಮ್ಮ ಬಾಯಿಂದ ಮತ್ತೆ ಅದನ್ನ ತೊಟ್ಟಿಗೆ ಅಂದರೆ ಪಾಚಿ ಹಸಿರು ಹಸಿರಾಗೇ ಹಲ್ಲು ಕಿರೀತಾ ಕೂತಿರುತ್ತೆ. ಸಿಟ್ಟಲ್ಲಿ ಹೆಂಡತಿಗೆ ನಾಲ್ಕು ಮಾತಾಡಿದವನ ಮನೆಯಲ್ಲಿ ತಿಂಗಳುಗಟ್ಟಲೆ ಕತ್ತಲೆ. ಹೀಗಾಗಿ ನಮ್ಮೂರಲ್ಲಿ ಬೈಗುಳವನ್ನ ಒಡವೆ ಥರ ಜೋಪಾನ ಮಾಡ್ತಾರೆ. ಮೇಷ್ಟ್ರು ಮಗ್ಗಿ ತಪ್ಪಿದ ಹುಡುಗಿಯ ತಲೆ ಸವರಿ, "ಪುಟ್ಟಾ, ನೀನು ಹೊಸ ಉತ್ತರ ಕಂಡುಹಿಡಿದಿದ್ದೀಯ" ಅಂತ ಹೇಳಿ, ಸಂಜೆ ಮನೆಗೆ ಹೋಗಿ ತೊಟ್ಟಿ ಮುಂದೆ ನಿಂತು ಕೆನ್ನೆ ಕೆಂಪಾಗೋವರೆಗೂ ಅರಚ್ತಾರೆ. ಚುನಾವಣೆಗೆ ನಿಂತವರು ಎದುರಾಳಿಯನ್ನ ಹೊಗಳಿ ಹೊಗಳಿ, ಕೊನೆಗೆ ಅವನಿಗೇ ಓಟು ಹಾಕಿ ಬರ್ತಾರೆ. ದೇವರನ್ನ ಬೈಯಬಹುದಾ ಅನ್ನೋ ಪ್ರಶ್ನೆ ಒಮ್ಮೆ ಎದ್ದಿತ್ತು. ದೇವರು ಮನುಷ್ಯ ಅಲ್ಲವಾದ್ದರಿಂದ ಅವನನ್ನ ಬೈದರೆ ಮಾತು ಎಂಜಲಾಗಲ್ಲ ಅಂತ ಪೂಜಾರಪ್ಪನೇ ತೀರ್ಪು ಕೊಟ್ಟ. ಅವತ್ತಿನಿಂದ ಗುಡಿಗೆ ಬರೋರ ಸಂಖ್ಯೆ ಹೆಚ್ಚಾಗಿದೆ. ಇನ್ನು ಮನೆ ಜಗಳದ ವಿಷಯ. ಎದುರುಮನೆಯಾಕೆ ತೊಟ್ಟಿ ಮುಂದೆ ನಿಂತು "ಸಂಬಳ ಬಂದ ದಿನವೇ ಅಕ್ಕನ ಮನೆಗೆ ಓಡ್ತೀಯಾ, ಅಕ್ಕನೇ ಅನ್ನ ಹಾಕ್ತಾಳಾ?" ಅಂತ ಪಾಚಿನ ಕೇಳಿದರೆ, ಪಾಚಿಗೆ ಸಂಬಳವೂ ಇಲ್ಲ ಅಕ್ಕನೂ ಇಲ್ಲ ಅಂತ ಬೀದಿಗೆಲ್ಲ ಗೊತ್ತು. ಗಂಡ ಕೆಳಗೆ ಕೂತು ತಲೆ ತಗ್ಗಿಸಿಕೊಂಡು ಉಪ್ಪಿಟ್ಟು ತಿಂತಿರ್ತಾನೆ.

ನಾನು ದೇವೀರಮ್ಮ, ಈ ಊರಿನ ಊರಬಾಯಿ. ಮನೆಮನೆ ತೊಟ್ಟಿ ಮನೆಯವರದು. ಆದರೆ ಊರಾಚೆ ಒಂದು ದೊಡ್ಡ ಕೊಳ ಇದೆ. ಮೋಡ ಕವಿದ ತಿಂಗಳುಗಳಲ್ಲಿ ಬಿಸಿಲಿಲ್ಲದೆ ತೊಟ್ಟಿಗಳೆಲ್ಲ ಸೋಮಾರಿ ಬಿದ್ದಾಗ ಊರನ್ನ ಕಾಪಾಡೋದು ಆ ಕೊಳದ ಎಣ್ಣೆ. ಪಂಪು, ಗಿರಣಿ, ಬಸ್ಸು, ಆಸ್ಪತ್ರೆಯ ಹೆರಿಗೆ ಕೋಣೆ, ಎಲ್ಲಕ್ಕೂ ಅದೇ. ಅಷ್ಟು ದೊಡ್ಡ ಕೊಳ ಸಣ್ಣಪುಟ್ಟ ಬೈಗುಳಕ್ಕೆ ಜಗ್ಗಲ್ಲ. ಬೇಸಿಗೆ ಕೊನೆಗೆ ಒಂದು ದಿನ ಊರೆಲ್ಲ ಸೇರುತ್ತೆ, ಊರಬಾಯಿ ದಂಡೆ ಮೇಲೆ ನಿಂತು ವರ್ಷವೆಲ್ಲ ಕೂಡಿಟ್ಟದ್ದನ್ನ ಒಂದೇ ಉಸಿರಿಗೆ ಬೈಯಬೇಕು. ಅದಕ್ಕಾಗಿ ನಾನು ವರ್ಷ ಪೂರ್ತಿ ಬಾಯಿ ಮೀಸಲು ಇಡಬೇಕು. ಕಾಗೆ ಹಪ್ಪಳ ಕಚ್ಚಿಕೊಂಡು ಹೋದರೂ ನಾನು "ಹೋಗಿ ಬನ್ನಿ" ಅನ್ನಬೇಕು. ಏನು ಕಷ್ಟ ಅಂತೀರಿ! ಎಷ್ಟೋ ಸಲ ಒಳಗೆ ಒತ್ತಿಕೊಂಡು ಒತ್ತಿಕೊಂಡು ನನಗೆ ಎದೆ ಉರಿ ಬಂದಿದೆ. ಆದರೆ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಬೈದ ವರ್ಷ ಕೊಳ ಇಟ್ಟಿಗೆ ಬಣ್ಣಕ್ಕೆ ತಿರುಗಿದಷ್ಟು ಬೇಗ, ನನಗಿಂತ ಮುಂಚೆ ಊರಬಾಯಿಯಾಗಿದ್ದ ನಮ್ಮತ್ತೆ ಕಾಲದಲ್ಲಿ ತಿರುಗುತ್ತಿರಲಿಲ್ಲ ಅಂತ ಊರೇ ಹೇಳುತ್ತೆ.

ನಮ್ಮನೆಯವರು ಮಾಯಿಗಯ್ಯ, ಬಸ್ ಡ್ರೈವರು. ನಮ್ಮದು ಊರಿಗೇ ಮಾದರಿ ಸಂಸಾರ. ಅವರು ನನ್ನನ್ನ ಬಹುವಚನದಲ್ಲೇ ಮಾತಾಡಿಸೋರು, ನಾನು ಅವರನ್ನ. "ದೇವೀರಮ್ಮನವರೇ, ತೊಂದರೆ ಇಲ್ಲದಿದ್ದರೆ ಸ್ವಲ್ಪ ನೀರು." "ತಂದೆ ರೀ." ಇಷ್ಟರಲ್ಲೇ ತಲೆ ನರೆತಿತ್ತು. ಅವರಿಗೆ ನನ್ನ ಮೇಲೆ ಏನಾದರೂ ಸಿಟ್ಟಿತ್ತಾ, ಇದ್ದರೆ ಯಾವುದಕ್ಕೆ, ನನಗೆ ಗೊತ್ತಿರಲಿಲ್ಲ. ಊರಬಾಯಿಯ ಮನೆಗೆ ಊರೇ ಎಣ್ಣೆ ಕೊಡೋದರಿಂದ ಅವರು ತೊಟ್ಟಿ ಹತ್ತಿರಕ್ಕೂ ಹೋಗ್ತಿರಲಿಲ್ಲ. ಬೈಗುಳ ಅಂದರೇನು ಅಂತಲೇ ಮರೆತ ಮನುಷ್ಯ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಬಸ್ಸು ಹತ್ತಿದವರು ಸ್ಟೀರಿಂಗ್ ಮೇಲೆ ಹಾಗೇ ಕಣ್ಣು ಮುಚ್ಚಿಬಿಟ್ಟರು. ಬಸ್ಸು ನೆಟ್ಟಗೆ ಹೋಗಿ, ಮನೆಗೆ ಮಾಳಿಗೆ ಇಲ್ಲದ ಸಣ್ಣತಾಯಮ್ಮನ ಹಿತ್ತಿಲ ತೊಟ್ಟಿಗೆ ನುಗ್ಗಿತು. ಸಣ್ಣತಾಯಮ್ಮ ಗಂಡ ಸತ್ತವರು, ಪಾಚಿ ಎಣ್ಣೆಯಲ್ಲಿ ಚಕ್ಕುಲಿ ಕರಿದು ಮಾರಿ ಬದುಕೋರು. ತೊಟ್ಟಿ ಒಡೆದು, ಸುಗ್ಗಿಯಿಂದ ಸಾಕಿದ ಹಸಿರೆಲ್ಲ ಚರಂಡಿಗೆ ಹರಿದುಹೋಯಿತು. ಬಸ್ಸಲ್ಲಿದ್ದೋರಿಗೆ ಒಂದು ತರಚು ಗಾಯವೂ ಆಗಲಿಲ್ಲ. ಆದರೆ ನಮ್ಮನೆಯವರು ಇಳಿದು, ಹಸಿರು ನೀರು ಮೊಣಕಾಲವರೆಗೆ ಹರೀತಿದ್ದರೂ ಅಲ್ಲೇ ಕಲ್ಲಾಗಿ ನಿಂತರು.

ಬೇರೆ ಯಾವ ಊರಾಗಿದ್ದರೂ ಅಲ್ಲೇ ಹಿಡಿದು ನಾಲ್ಕು ಬಾರಿಸಿ, ಬಾಯಿಗೆ ಬಂದದ್ದು ಬೈದು, ಸಂಜೆಗೆ ಮರೀತಿದ್ದರು. ನಮ್ಮೂರೋ! ಮೊದಲು ಸಣ್ಣತಾಯಮ್ಮನೇ ಬಂದರು, ಎಳನೀರು ಹಿಡಿದುಕೊಂಡು. "ಪರವಾಗಿಲ್ಲ ಅಣ್ಣಯ್ಯ, ಆ ತೊಟ್ಟಿ ನನಗೂ ಅಡ್ಡವೇ ಆಗಿತ್ತು" ಅಂದರು. ಆಮೇಲೆ ಬಸ್ಸಲ್ಲಿದ್ದೋರು ಬಂದು, ಅಷ್ಟು ಮೆತ್ತಗೆ ಗೋಡೆಗೆ ಗುದ್ದೋ ಡ್ರೈವರನ್ನ ತಾವು ಕಂಡೇ ಇಲ್ಲ ಅಂದರು. ಪಂಚಾಯಿತಿ ಅಧ್ಯಕ್ಷರು ಬಂದರು. ಅವರ ಹೆಸರು ಉಗ್ರಪ್ಪ, ಸ್ವಭಾವ ಬೆಣ್ಣೆ. "ಮಾಯಿಗಯ್ಯನವರೇ, ತೊಟ್ಟಿಗಳ ಗೋಡೆ ಎಷ್ಟು ದುರ್ಬಲ ಅಂತ ನಮ್ಮ ಕಣ್ಣು ತೆರೆಸಿದಿರಿ" ಅಂತ ಶಾಲು ಹೊದಿಸಿದರು. ದಿನಾ ಮೂಸಂಬಿ, ದಿನಾ ಬಾಳೆಹಣ್ಣು, ದಿನಾ "ಪರವಾಗಿಲ್ಲ". ಮನೆ ಹಣ್ಣಿನಂಗಡಿ ಆಯ್ತು.

ಅವರು ಮಾತ್ರ ಇಳಿದುಹೋದರು. ಮೊದಲು ಬಸ್ಸಿಗೆ ಹೋಗೋದು ಬಿಟ್ಟರು, ಆಮೇಲೆ ಜಗುಲಿಗೆ ಬರೋದು ಬಿಟ್ಟರು, ಆಮೇಲೆ ಊಟ. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಲಗಿದ್ದೇ. ಏನು ಕೇಳಿದರೂ "ಚೆನ್ನಾಗಿದ್ದೀನಿ" ಅನ್ನೋರು. ಕೆನ್ನೆ ಒಳಗೆ ಹೋಗಿ ಮೈ ಹಳದಿ ತಿರುಗಿತು. ನಾನು ಗಂಜಿ ಕುಡಿಸೋಕೆ ಕೂತಾಗ ಒಂದು ದಿನ ಮೆಲ್ಲಗೆ ಅಂದರು, "ದೇವೀರಮ್ಮನವರೇ, ಒಬ್ಬರಾದರೂ ಬೈಯಲಿಲ್ಲ ನೋಡಿ."

"ಯಾಕೆ ಬೈತಾರೆ ರೀ, ಎಲ್ಲರಿಗೂ ನಿಮ್ಮ ಮೇಲೆ ಪ್ರೀತಿ" ಅಂದೆ.

"ಎಣ್ಣೆ ಬರುತ್ತೆ ಅನ್ನೋ ನಂಬಿಕೆ ಇದ್ದರೆ ತಾನೇ ಬೈಯೋದು? ನನ್ನಿಂದ ಇನ್ನೇನೂ ಬರಲ್ಲ ಅಂತ ಊರು ತೀರ್ಮಾನ ಮಾಡಿಬಿಟ್ಟಿದೆ" ಅಂತ ಹೇಳಿ ಮತ್ತೆ ಗೋಡೆಗೆ ತಿರುಗಿದರು. ನಾನು ಗಂಜಿ ಬಟ್ಟಲು ಕೆಳಗಿಟ್ಟು ಡಾಕ್ಟರಮ್ಮನಿಗೆ ಹೇಳಿ ಕಳಿಸಿದೆ.

ಡಾಕ್ಟರಮ್ಮ ಬಂದು ನಾಡಿ ನೋಡಿದರು, ನಾಲಿಗೆ ನೋಡಿದರು, ನನ್ನನ್ನ ಬಾಗಿಲಾಚೆ ಕರೆದುಕೊಂಡು ಹೋದರು. "ರೋಗ ಏನೂ ಇಲ್ಲ. ಹೀಗೇ ಬಿಟ್ಟರೆ ಮಳೆಗಾಲ ಕಾಣಲ್ಲ. ಇದಕ್ಕೆ ಔಷಧಿ ನನ್ನ ಹತ್ರ ಇಲ್ಲಮ್ಮ, ನಿಮ್ಮ ಬಾಯಲ್ಲಿದೆ. ಆದರೆ ಕೊಡಿ ಅಂತ ನಾನು ಹೇಳಲಾರೆ. ನನ್ನ ಹೆರಿಗೆ ಕೋಣೆ ದೀಪ ಉರಿಯೋದೂ ಅದೇ ಬಾಯಿಂದ" ಅಂದರು. ಕಣ್ಣಲ್ಲಿ ನೀರಿತ್ತು ಪಾಪ.

ನಾನು ಉಗ್ರಪ್ಪನವರ ಹತ್ರ ಹೋದೆ. ಕೊಳ ಬೈಯೋ ದಿನ ಹತ್ತಿರ ಬಂದಿತ್ತು, ಆಗಲೇ ಗಂಜಲ ನಿಲ್ಲಿಸಿ ಉಪವಾಸ ಹಾಕಿದ್ದರು. "ಅಧ್ಯಕ್ಷರೇ, ನಮ್ಮನೆಯವರಿಗೆ ಒಂದೇ ಒಂದು ಸಲ ಬೈದುಕೊಳ್ಳಲಾ?" ಅಂತ ಕೇಳಿದೆ. ಅವರು ಕಾಫಿ ತರಿಸಿದರು, ಚಕ್ಕುಲಿ ತರಿಸಿದರು, ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟರು. "ತಾಯಿ, ನಿಮ್ಮ ಬಾಯಿ ನಿಮ್ಮದಾಗಿದ್ದರೆ ನಾನು ಬೇಡ ಅಂತಿದ್ದೆನಾ? ಅದು ಊರಿನ ಆಸ್ತಿ. ನಿಮ್ಮ ಪರವಾಗಿ ಊರೆಲ್ಲ ಸೇರಿ ಅವರಿಗೆ ಇನ್ನಷ್ಟು ಸಮಾಧಾನ ಹೇಳ್ತೀವಿ" ಅಂದರು. ಇನ್ನಷ್ಟು ಸಮಾಧಾನ! ನನ್ನ ಗಂಟಲವರೆಗೂ ಬಂದಿದ್ದು ಏನು ಅಂತ ಆ ದೇವರಿಗೇ ಗೊತ್ತು. ಚಕ್ಕುಲಿ ತುರುಕಿಕೊಂಡು ಎದ್ದು ಬಂದೆ.

ದಾರಿಯಲ್ಲಿ ಹೊಳೆಯಿತು, ಹೊರಗಿನೋರನ್ನ ಕರೆಸಿದರೆ? ಪಾತ್ರೆ ಮಾರೋ ಹೊನ್ನಯ್ಯ ಆಗಾಗ ಬರೋನು, ಬೇರೆ ಊರಿನವನು, ಬಾಯಿಗೆ ಬೀಗ ಇಲ್ಲದವನು. ಅವನಿಗೆ ಊಟ ಹಾಕಿ ವಿಷಯ ಹೇಳಿದೆ. "ಅಷ್ಟೇ ತಾನೇ ಅಕ್ಕ?" ಅಂತ ಒಳಗೆ ಹೋಗಿ, ಮಂಚದ ಪಕ್ಕ ನಿಂತು, ಏನು ಬೈದ ಅಂತೀರಿ! ಗೋಡೆ ಸುಣ್ಣ ಉದುರಬೇಕು. ನಾನು ಬಾಗಿಲ ಸಂದಿಯಲ್ಲಿ ನಿಂತು ಒಂದೆರಡು ಹೊಸ ಮಾತು ಕಲಿತೆ ಕೂಡ. ಎಲ್ಲಾ ಮುಗಿದ ಮೇಲೆ ನಮ್ಮನೆಯವರು ತಿರುಗಿ, "ಬಿಸಿಲಲ್ಲಿ ಬಂದಿದ್ದೀರಿ, ಗಂಟಲು ಒಣಗಿರುತ್ತೆ. ದೇವೀರಮ್ಮನವರೇ, ಇವರಿಗೆ ಮಜ್ಜಿಗೆ ಕೊಡಿ" ಅಂದರು. ಹೊನ್ನಯ್ಯ ಬೆವರೊರೆಸಿಕೊಂಡು ಹೊರಗೆ ಬಂದ. "ನನ್ನ ಮಾತು ಅವರಿಗೆ ತಾಗಲ್ಲ ಅಕ್ಕ. ನಾನು ಯಾರೋ, ಅವರು ಯಾರೋ" ಅಂದ. ನಿಜವೇ.

ಆಮೇಲೆ ಸಣ್ಣತಾಯಮ್ಮನ ಕಾಲು ಹಿಡಿದೆ. ಅವರ ತೊಟ್ಟಿ ಹೇಗೂ ಒಡೆದಿತ್ತು, ಈ ಸಲ ಬೈಗುಳ ಉಳಿಸಿಕೊಂಡು ಮಾಡೋದೇನಿದೆ? ನಷ್ಟ ಆಗಿರೋದೂ ಅವರಿಗೇ. ಒಪ್ಪಿಕೊಂಡು ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಮಂಚದ ಮುಂದೆ ನಿಂತು ಉಸಿರೆಳೆದುಕೊಂಡರು. "ಅಣ್ಣಯ್ಯ, ನೀವು... ನೀವು ಸ್ವಲ್ಪ ನೋಡಿಕೊಂಡು ಓಡಿಸಬಹುದಿತ್ತು" ಅಂದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು, "ಅಯ್ಯೋ ಜಾಸ್ತಿ ಆಯ್ತು, ತಪ್ಪು ತಿಳೀಬೇಡಿ" ಅಂತ ಅಳ್ತಾ ಓಡಿಹೋದರು. ಮಾರನೇ ದಿನ ಕ್ಷಮೆ ಕೇಳೋಕೆ ಇನ್ನೊಂದು ಡಜನ್ ಬಾಳೆಹಣ್ಣು ಬಂತು.

ಕೊಳ ಬೈಯೋ ದಿನ ಬಂದೇಬಂತು. ನೆತ್ತಿ ಮೇಲೆ ಸೂರ್ಯ, ತಮಟೆ, ದಂಡೆ ಸುತ್ತ ಊರೆಲ್ಲ. ನಾನು ಕೊಳಕ್ಕೇ ಬೈಯೋದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ, ಯಾವ ದೇವರ ಮುಂದೆ ಬೇಕಾದರೂ ಹೇಳ್ತೀನಿ. ಒಬ್ಬ ಗಂಡನಿಗೋಸ್ಕರ ಊರು ಕತ್ತಲೆ ಮಾಡೋದು ನ್ಯಾಯ ಅಲ್ಲ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಆದರೆ ಹಾಳು ಒಳ್ಳೆ ಜನ ಸುಮ್ಮನಿರಬೇಕಲ್ಲ! ಗಾಳಿ ಬೆಳಕು ಕಂಡರೆ ಮನಸ್ಸು ಹಗುರಾಗುತ್ತೆ ಅಂತ ನಮ್ಮನೆಯವರನ್ನ ಕುರ್ಚಿ ಸಮೇತ ಹೊತ್ತುಕೊಂಡು ಬಂದು, ದಂಡೆ ಮೇಲೆ ನನ್ನ ಪಕ್ಕದಲ್ಲೇ ಇಟ್ಟರು. ಉಗ್ರಪ್ಪನವರು ಕೊಡೆ ಬೇರೆ ಹಿಡಿದರು.

ಪದ್ಧತಿಯಂತೆ ಕೊಳದ ಕಡೆ ತಿರುಗಿ ಸೊಂಟಕ್ಕೆ ಕೈ ಕೊಟ್ಟೆ. ಕೊಳ ಹಸಿದು ಹಳದಿ ತಿರುಗಿತ್ತು. ಪಕ್ಕದಲ್ಲಿ ಅವರೂ ಹಸಿದು ಹಳದಿ ತಿರುಗಿದ್ದರು. ನನ್ನ ಹತ್ರ ಇದ್ದದ್ದು ಒಂದೇ ವರ್ಷದ ಬೈಗುಳ. ಕೊಳವನ್ನ ನೋಡಿ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಆ ಸತ್ತ ನಗು ನಕ್ಕು, "ನಿಮಗೆ ಒಳ್ಳೆಯದಾಗಲಿ ದೇವೀರಮ್ಮನವರೇ" ಅಂದರು. ಅಷ್ಟೇ. ಗಿರಕ್ಕಂತ ಅವರ ಕಡೆ ತಿರುಗಿದೆ.

"ಎಲವೋ ಮಾಯಿಗ!" ಅಂದೆ. ತಮಟೆ ನಿಂತಿತು.

"ಎದ್ದು ನಿಲ್ಲೋ ಸೋಮಾರಿ! ಹೊತ್ತುಕೊಂಡು ಬರೋಕೆ ನೀನೇನು ಉತ್ಸವಮೂರ್ತಿನಾ? ಗೋಡೆ ನೋಡಿಕೊಂಡು ಬಿದ್ದಿರೋ ಹಾಗಿದ್ದರೆ ಗೋಡೆಗೇ ತಾಳಿ ಕಟ್ಟಬೇಕಿತ್ತು, ನನಗ್ಯಾಕೋ ಕಟ್ಟಿದೆ? ಸ್ಟೀರಿಂಗ್ ಮೇಲೆ ನಿದ್ದೆ ಹೊಡೀತೀಯಲ್ಲ, ನಿನ್ನ ಕಣ್ಣಿಗಿಷ್ಟು ಖಾರದ ಪುಡಿ ಹಾಕ! ಆ ಹೆಂಗಸು ತೊಟ್ಟಿ ಸಾಕಿದ್ದು ನಿನ್ನ ಬಸ್ಸಿಗೆ ಸ್ನಾನ ಮಾಡಿಸೋಕಾ? ತಪ್ಪು ಮಾಡಿದೆ ಕಣೋ ನೀನು, ಹೌದು, ಮಾಡಿದೆ! ಮಾಡಿದೋನು ಎದ್ದುಹೋಗಿ ಇಟ್ಟಿಗೆ ಹೊತ್ತು ತೊಟ್ಟಿ ಕಟ್ಟಿಕೊಡ್ತಾನೆ, ನಿನ್ನ ಹಾಗೆ ಊರಿನ ಮೂಸಂಬಿ ಕೊಳೆ ಹಾಕಿಕೊಂಡು ಸಾಯೋಕೆ ಮುಹೂರ್ತ ನೋಡಲ್ಲ! ಒದ್ದೆ ಟವಲ್ಲನ್ನ ಹಾಸಿಗೆ ಮೇಲೆ ಎಸೀತೀಯ, ಕಾಲುಗುರು ಕತ್ತರಿಸಿ ಕಿಟಕಿ ಮೇಲೆ ಸಾಲಾಗಿ ಜೋಡಿಸ್ತೀಯ, ಅದೇನು ಬೊಂಬೆ ಹಬ್ಬನಾ? ಎಲ್ಲಾ ನುಂಗಿಕೊಂಡೆ, ಈ ಕೊಳಕ್ಕೋಸ್ಕರ ನುಂಗಿಕೊಂಡೆ!"

ಜನ ಮಕ್ಕಳ ಕಿವಿ ಮುಚ್ಚಿದರು. ಪೂಜಾರಪ್ಪ ತನ್ನ ಕಿವಿಯನ್ನೇ ಮುಚ್ಚಿಕೊಂಡ. ನನಗೆ ನಿಲ್ಲಿಸೋಕೆ ಆಗಲಿಲ್ಲ. ನಾನೇ ಮರೆತಿದ್ದೀನಿ ಅಂದುಕೊಂಡಿದ್ದು ತಳದಿಂದ ಮೇಲೆ ಬಂತು.

"ನಮ್ಮ ಕೂಸು ಹೋದ ದಿನ ನಾನು ಹುಚ್ಚಿ ಥರ ತೊಟ್ಟಿಲ ಹತ್ರ ಕೂತಿದ್ದೆ. ನೀನು ಬಂದು ಬೆನ್ನು ಸವರಿ ಏನಂದೆ? ಪರವಾಗಿಲ್ಲ ಅಂದೆಯಲ್ಲೋ ಪಾಪಿ! ಪರವಾಗಿಲ್ಲ ಅನ್ನೋ ಮಾತಾ ಅದು? ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ ಕಣೇ ಅಂತ ಒಂದು ಮಾತು ಬೈದಿದ್ದರೆ, ನಾನು ನಿನ್ನ ಕಪಾಳಕ್ಕೆ ಹೊಡೆದು, ನೀನು ನನ್ನ ಜುಟ್ಟು ಹಿಡಿದು, ಇಬ್ಬರೂ ಅತ್ತು ಮುಗಿಸ್ತಿದ್ದೆವು. ಅವತ್ತಿನಿಂದ ನಿನ್ನ ಜೊತೆ ಒಂದೇ ಮನೆಯಲ್ಲಿ ಒಬ್ಬಳೇ ಇದ್ದೀನಿ ಕಣೋ! ಈಗ ನೀನೂ ಹೊರಡ್ತೀನಿ ಅಂತೀಯಾ? ಹೋಗು ನೋಡೋಣ! ನಿನ್ನ ತಿಥಿಗೆ ವಡೆ ಮಾಡಿ ಎಲ್ಲಾ ನಾನೇ ತಿಂತೀನಿ, ಒಂದು ಕಾಗೆಗೂ ಇಡಲ್ಲ!"

ಬಾಯಿ ಖಾಲಿಯಾಯಿತು. ಹುಡುಕಿದರೂ ಒಂದು ಕತ್ತೆ, ಒಂದು ಕೋತಿ ಕೂಡ ಉಳಿದಿರಲಿಲ್ಲ. ಅವರು ತಲೆ ತಗ್ಗಿಸಿ ಬಿಕ್ಕಿ ಬಿಕ್ಕಿ ಅತ್ತರು. ಯಾರೋ ಕುರ್ಚಿ ಎತ್ತಿಕೊಂಡು ಮನೆಗೆ ತಂದು ಮಲಗಿಸಿದರು, ಅವರು ಮತ್ತೆ ಗೋಡೆಗೆ ತಿರುಗಿದರು.

ಕೊಳದ ಕಥೆ ಕೇಳ್ತೀರಾ? ಬೈಸಿಕೊಳ್ಳದೆ ಉಳಿದ ಕೊಳ ಹಳದಿಯಿಂದ ಮುಂದಕ್ಕೆ ಹೋಗಲೇ ಇಲ್ಲ. ಸೊರಗಿ ಸೊರಗಿ ತಳ ಸೇರಿತು. ಗಾಣದವರು ಬರಿಗೈಯಲ್ಲಿ ವಾಪಸ್ಸು ಹೋದರು. ಉಗ್ರಪ್ಪನವರು ಬಂದು, "ತಾಯಿ, ತುಂಬಾ ದಣಿದಿದ್ದೀರಿ, ಇನ್ನು ಮೇಲೆ ವಿಶ್ರಾಂತಿ ತಗೊಳ್ಳಿ" ಅಂತ ಕೈ ಮುಗಿದರು. ಊರಬಾಯಿ ಕೆಲಸ ಅಲ್ಲಿಗೆ ಹೋಯಿತು. ಮೋಡ ಕವಿಯಿತು. ಬಸ್ಸು ನಿಂತಿತು, ಪಂಪು ನಿಂತಿತು, ಹಿಟ್ಟು ಬೀಸೋಕೆ ಅಟ್ಟದ ಮೇಲಿದ್ದ ಬೀಸೋಕಲ್ಲು ಇಳಿಸಿದರು. ಹೆರಿಗೆ ಕೋಣೆಗೆ ಮಾತ್ರ ಮನೆಮನೆಯಿಂದ ಲೋಟದಲ್ಲಿ ಎಣ್ಣೆ ಹೊತ್ತುಕೊಂಡು ಹೋಗಿ ಕೊಟ್ಟರು. ನಾನು ಹೋದರೆ ಡಾಕ್ಟರಮ್ಮ ನನ್ನ ಲೋಟ ಮೊದಲು ಇಸಕೊಂಡರು, ಅದಕ್ಕೆ ಅವರಿಗೆ ಪುಣ್ಯ ಬರಲಿ.

ಬೀದಿ ದೀಪ ಇಲ್ಲದ ಒಂದು ಮುಸ್ಸಂಜೆ ಉಗ್ರಪ್ಪನವರು ಚರಂಡಿಗೆ ಬಿದ್ದರು. ಕೆಸರು ಸಮೇತ ನೆಟ್ಟಗೆ ನನ್ನ ಬಾಗಿಲಿಗೆ ಬಂದು, "ಥೂ, ನಿನ್ನ... ನಿನ್ನ..." ಅಂದರು. ಮುಂದಕ್ಕೆ ಬರ್ತಾ ಇಲ್ಲ! ಅವರ ಅವಸ್ಥೆ ನೋಡಿ ನನಗೇ ಮರುಕ ಬಂತು. "ನಿನ್ನ ಮನೆ ಹಾಳಾಗ ಅನ್ನಿ ಅಧ್ಯಕ್ಷರೇ" ಅಂತ ಹೇಳಿಕೊಟ್ಟೆ. "ನಿನ್ನ ಮನೆ ಹಾಳಾಗ!" ಅಂದರು. ಅಂದಮೇಲೆ ಮುಖ ಏನು ಅರಳಿತು ಅಂತೀರಿ, ಒಳ್ಳೆ ಮಲಬದ್ಧತೆ ಬಿಟ್ಟ ಹಾಗೆ. ಮಾರನೇ ದಿನದಿಂದ ಊರೇ ಶುರು ಹಚ್ಚಿಕೊಂಡಿತು. ಹೇಗೂ ಮೋಡ, ಹೇಗೂ ಎಣ್ಣೆ ಇಲ್ಲ, ಇನ್ಯಾಕೆ ಕೂಡಿಡೋದು? ಎದುರುಮನೆಯಾಕೆ ಅಕ್ಕನ ವಿಷಯವನ್ನ ಗಂಡನ ಮುಖಕ್ಕೇ ಕೇಳಿದಳು, ಅವನು ಇವಳ ತಮ್ಮನ ವಿಷಯ ತೆಗೆದ. ಕೆಲವು ಮನೆ ಒಡೆದವು, ಸುಳ್ಳು ಹೇಳಲ್ಲ. ಕೆಲವರು ಬೈದಾಡಿ ಮುಗಿಸಿ, ಇಷ್ಟೇನಾ ಅಂತ ನಕ್ಕು, ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು. ಎಲ್ಲರೂ ಸೇರಿ ಬೈದದ್ದು ಮಾತ್ರ ನನ್ನನ್ನ. ಬಾವಿ ಹತ್ರ ಹೋದರೆ ಬೈಗುಳ, ಅಂಗಡಿಗೆ ಹೋದರೆ ಬೈಗುಳ. ಅಭ್ಯಾಸ ಇಲ್ಲದ ಬಾಯಿಗಳು, ಅರ್ಧಕ್ಕರ್ಧ ತಪ್ಪು. ನನಗೆ ಉತ್ತರ ಕೊಡೋಕೆ ಒಂದು ಮಾತೂ ಉಳಿದಿರಲಿಲ್ಲ, ಬೈಸಿಕೊಂಡು ಬರ್ತಿದ್ದೆ.

ಅದು ನನಗೆ ದುಃಖ ಆಗಲಿಲ್ಲ. ದುಃಖ ಮನೆಯೊಳಗಿತ್ತು. ಅವರು ಅಷ್ಟೆಲ್ಲ ಬೈಸಿಕೊಂಡ ಮೇಲೂ ಗೋಡೆ ಬಿಟ್ಟು ತಿರುಗಿರಲಿಲ್ಲ. ಅರ್ಧ ಬಟ್ಟಲು ಗಂಜಿ, ಅದೂ ನನ್ನ ಬಲವಂತಕ್ಕೆ. "ಚೆನ್ನಾಗಿದ್ದೀನಿ" ಅನ್ನೋದನ್ನೂ ಬಿಟ್ಟಿದ್ದರು. ಊರನ್ನೂ ಕೆಡಿಸಿದೆ, ಇವರನ್ನೂ ಉಳಿಸಿಕೊಳ್ಳಲಿಲ್ಲ, ಕೂಸಿನ ಮಾತು ತೆಗೆದು ಕೊನೇ ಉಸಿರನ್ನೂ ನಾನೇ ತೆಗೆದೆ ಅಂತ ಭಯವಾಯಿತು. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ಅವರು ಮಲಗಿದ್ದಾಗ ಮೂಗಿನ ಹತ್ರ ಕೈಯಿಟ್ಟು ನೋಡ್ತಿದ್ದೆ.

ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ. ನಾನು ನನಗೆ ಅಂತ ಒಂದು ಮುದ್ದೆ ತಿರುವಿ, ಹುರುಳಿ ಸಾರು ಬಿಟ್ಟುಕೊಂಡು, ಅವರ ಗಂಜಿ ಆರಿಸೋಕೆ ಒಲೆ ಕಡೆ ತಿರುಗಿದ್ದೆ. ಹಿಂದೆ ಮಂಚ ಕಿರ್ ಅಂತು. ನೋಡಿದರೆ ಅವರು ಗೋಡೆ ಹಿಡಿದುಕೊಂಡು ಬಂದು ನನ್ನ ತಟ್ಟೆ ಮುಂದೆ ಕೂತಿದ್ದಾರೆ. ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿದರು. ಮುಖ ಕಿವುಚಿದರು.

"ಏನೇ ಇದು?" ಅಂದರು.

ಬೆರಳಿಂದ ಸಾರು ಕಲಕಿ ನೋಡಿದರು.

"ಸಾರೇನೇ ಇದು? ಕೊಟ್ಟಿಗೆ ತೊಳೆದ ನೀರಿಗೆ ಒಗ್ಗರಣೆ ಹಾಕಿದ್ದೀಯಾ? ಮದುವೆಯಾದಾಗಿನಿಂದ ಇದನ್ನೇ ಕುಡಿದು ಕುಡಿದು, ಚೆನ್ನಾಗಿದೆ ಚೆನ್ನಾಗಿದೆ ಅಂತ ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆ ಸತ್ತುಹೋಗಿದೆ ಕಣೇ, ಮೂದೇವಿ!" ಅಭ್ಯಾಸ ಇಲ್ಲ ನೋಡಿ, ಒಂದೊಂದು ಮಾತಿಗೂ ನಿಂತು ಉಸಿರು ತಗೊಳ್ಳೋರು. "ಇನ್ನೊಂದು. ಪರವಾಗಿಲ್ಲ ಅಂದೆ ಅಂತ ಊರೆದುರಿಗೆ ಬೈದೆಯಲ್ಲ. ನಿನಗೆ ಹೇಳಿದೆ ಅಂದುಕೊಂಡ್ಯಾ? ನನಗೆ ನಾನೇ ಹೇಳಿಕೊಂಡಿದ್ದು ಕಣೇ ಅದು, ನಿನ್ನ ಬೆನ್ನು ಹಿಡಿದುಕೊಂಡು. ಕೈ ಬಿಟ್ಟಿದ್ದರೆ ಅಲ್ಲೇ ಬಿದ್ದುಹೋಗ್ತಿದ್ದೆ. ಅಷ್ಟೂ ಗೊತ್ತಾಗಲಿಲ್ಲವಾ ನಿನಗೆ, ಪೆದ್ದು ಮುಂಡೇದೇ?"

ನಾನು ಸೌಟು ಹಿಡಿದುಕೊಂಡು ನಿಂತಲ್ಲೇ ಹೋ ಅಂತ ಅತ್ತೆ. ಅವರೂ ಅಳ್ತಿದ್ದರು, ಅಳ್ತಾನೇ ಮುದ್ದೆ ಮುರೀತಿದ್ದರು. ತಟ್ಟೆ ಖಾಲಿ ಮಾಡಿ ನನ್ನ ಕಡೆ ತಳ್ಳಿದರು.

"ಅಳೋದು ಆಮೇಲೆ ಇಟ್ಕೋ. ಇನ್ನೊಂದು ಮುದ್ದೆ ಹಾಕು."

ಹಾಕಿದೆ. ಗಂಟು ಗಂಟಾಗಿದೆ ಅಂತ ಅದಕ್ಕೂ ಬೈದುಕೊಂಡೇ ತಿಂದರು.